ಎಲೆ ತಿನ್ನದ ಬಾಯಿ

ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಅವಳನ್ನು ನೋಡಿದ. ಅವಳೂ ಅವನನ್ನು ನೋಡಿದಳು. ಪ್ರೀತಿಸಿದವರಿಗೆ ಅಷ್ಟು ಸಾಕು ಎನ್ನುತ್ತಾರೆ. ಸಾಲದು ಎಂದು ಆ ಸೋಮವಾರ ನೀಲಾವತಿಗೆ ಗೊತ್ತಾಯಿತು.

ಅವಳು ಕಲ್ಲುಬೆಂಚಿನ ಮೇಲೆ ಕುಳಿತಿದ್ದಳು. ಅಪ್ಪ ಕುಕ್ಕಪ್ಪ ಗೌಡರು ಅವಳನ್ನು ಅಲ್ಲಿ ಕೂರಿಸಿ, "ಎದ್ದು ಹೋಗ್ಬೇಡ ಮಗ, ಸಂತೆಯಿಂದ ಬೆಲ್ಲ ತಕ್ಕೊಂಡು ಈಗ ಬಂದೆ" ಎಂದು ಹೋಗಿದ್ದರು. ಅವಳ ಎರಡೂ ಕೆನ್ನೆಯೊಳಗೆ ಹತ್ತಿಯ ಉಂಡೆ. ದವಡೆ ಬೇರೆ ಯಾರದೋ ಎನ್ನುವಂತೆ ಮರಗಟ್ಟಿತ್ತು. ಸ್ವಲ್ಪ ಹೊತ್ತಿನ ಹಿಂದಷ್ಟೇ ಹಲ್ಲಿನ ಡಾಕ್ಟರು ಅವಳ ಎರಡು ಬುದ್ಧಿಹಲ್ಲುಗಳನ್ನು ಕಿತ್ತಿದ್ದರು. ಮನೆ ಮುಟ್ಟುವ ತನಕ ಹತ್ತಿ ಕಚ್ಚಿ ಹಿಡಿಯಬೇಕು, ಬಾಯಿ ಬಿಡಬಾರದು, ಮಾತಂತೂ ಆಡಲೇಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು.

ಬಾಯಲ್ಲಿ ತುಂಬಿದ್ದನ್ನು ಚರಂಡಿಗೆ ಉಗುಳಿ, ಸೆರಗಿನ ತುದಿಯಿಂದ ತುಟಿ ಒರೆಸಿಕೊಂಡು ತಲೆಯೆತ್ತಿದರೆ ಎದುರಿಗೆ ಮೇದಪ್ಪ ನಿಂತಿದ್ದ. ಅದೇ ಖಾಕಿ ಅಂಗಿ, ಕಂಕುಳಲ್ಲಿ ಅದೇ ಕೊಡೆ. ನೀಲಾವತಿಗೆ ನೋವೇ ಮರೆತುಹೋಯಿತು. ಡಾಕ್ಟರ ಅಪ್ಪಣೆಯೂ ಮರೆತುಹೋಯಿತು. ಅವಳು ನಕ್ಕಳು.

ಮರಗಟ್ಟಿದ ತುಟಿಗೆ ನಗಲು ಬರಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿ, ತುಟಿಯ ಮೂಲೆಯಿಂದ ಕೆಂಪಗೆ ಇಳಿಯಿತು.

ಮೇದಪ್ಪನ ಕಣ್ಣು ಅವಳ ಉಬ್ಬಿದ ಕೆನ್ನೆಯನ್ನು ನೋಡಿತು, ತುಟಿಯನ್ನು ನೋಡಿತು, ಚರಂಡಿಯನ್ನೂ ನೋಡಿತು. ಅವನ ಮುಖ ಇಳಿದುಹೋಯಿತು. ಅವಳು ಕೆನ್ನೆ ತೋರಿಸಲೆಂದು ಕೈ ಎತ್ತುವಷ್ಟರಲ್ಲಿ ಉಪ್ಪಿನಂಗಡಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಮೇದಪ್ಪ ತಿರುಗಿ ಬಸ್ ಹತ್ತಿದ. ಒಂದು ಮಾತಿಲ್ಲ. ಕಿಟಕಿಯಿಂದ ಮುಖ ಹೊರಗೆ ಹಾಕಲೂ ಇಲ್ಲ.

ಬಸ್ ಹೋದ ಮೇಲೂ ನೀಲಾವತಿಯ ಕೈ ಕೆನ್ನೆಯ ಹತ್ತಿರವೇ ಇತ್ತು.

*

ಅವರಿಬ್ಬರ ಪರಿಚಯವಾದದ್ದೂ ಹಲ್ಲಿನಿಂದಲೇ. ಆದರೆ ಆ ಹಲ್ಲು ಎತ್ತಿನದು.

ಅರವತ್ತನೆಯ ಇಸವಿಯ ಬೇಸಗೆ. ಎಡಮಂಗಲದ ಸುತ್ತ ದನಗಳಿಗೆ ಕಾಲುಬಾಯಿ ಜ್ವರ. ಕೊಯಿಲದ ದನದ ಫಾರ್ಮಿನಿಂದ ಸೂಜಿಮದ್ದು ಹಿಡಿದುಕೊಂಡು ಬಂದವನು ಮೇದಪ್ಪ. ಕುಕ್ಕಪ್ಪ ಗೌಡರು ಹೊಸದಾಗಿ ತಂದ ಎತ್ತನ್ನು ಹೆಮ್ಮೆಯಿಂದ ತೋರಿಸಿ, "ನಾಲ್ಕು ಹಲ್ಲಿನದ್ದು, ಎಳೆಯದು" ಎಂದರು. ಮೇದಪ್ಪ ಎತ್ತಿನ ತುಟಿ ಮಡಚಿ ನೋಡಿದ.

"ಇದು ಬಾಯಿಗೂಡಿದ ಎತ್ತು ಗೌಡ್ರೆ. ಎಂಟೂ ಹಲ್ಲು ಬಂದು ಸವೆದೂ ಆಗಿದೆ. ನಿಮ್ಮನ್ನು ಯಾರೋ ಚೆನ್ನಾಗಿ ಮಂಗ ಮಾಡಿದ್ದಾರೆ."

ದನದ ಹಟ್ಟಿಯ ಕಂಬದ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಅಪ್ಪ ಕಣ್ಣು ಬಿಟ್ಟರು. ನಗು ನಿಲ್ಲಲಿಲ್ಲ.

ಮದ್ದು ಚುಚ್ಚಿ ಕೈ ತೊಳೆಯುವಾಗ ನೀರು ಹೊಯ್ದವಳು ನೀಲಾವತಿ. "ಬಾಯಿ ನೋಡಿ ವಯಸ್ಸು ಹೇಳುದಾ ನೀವು?" ಎಂದು ಕೇಳಿದಳು.

"ಹೌದು. ಬಾಯಿ ಒಂದು ನೋಡಿದ್ರೆ ಸಾಕು. ನಮ್ಮ ಹತ್ರ ಸುಳ್ಳು ನಡಿಯುದಿಲ್ಲ."

"ಹಾಗಾದ್ರೆ ನನ್ನ ವಯಸ್ಸು ಎಷ್ಟು?"

"ಬಾಯಿ ತೆರೀರಿ, ಹೇಳ್ತೇನೆ."

"ಅಯ್ಯಬ್ಬ! ನಾನೆಂತ ಎತ್ತಾ?" ಎಂದು ಚೆಂಬಿನಲ್ಲಿ ಉಳಿದ ನೀರನ್ನೆಲ್ಲ ಅವನ ಕಾಲ ಮೇಲೆ ಸುರಿದು ಒಳಗೆ ಓಡಿದಳು. ಮೇದಪ್ಪ ಒದ್ದೆ ಪ್ಯಾಂಟಿನಲ್ಲೇ ಕೊಯಿಲಕ್ಕೆ ಹೋದ. ದಾರಿಯುದ್ದಕ್ಕೂ ನಗುತ್ತಲೇ ಹೋದನೆಂದು ಮುಂದೆ ಅವನೇ ಅವಳಿಗೆ ಹೇಳಿದ.

ಆಮೇಲೆ ಆ ಹಟ್ಟಿಯ ದನಗಳಿಗೆ ಇಲ್ಲದ ಕಾಯಿಲೆಯಿಲ್ಲ. ಕರು ಕೆಮ್ಮಿದರೂ ಮೇದಪ್ಪನಿಗೆ ಹೇಳಿಕಳಿಸಬೇಕು. ಕರು ಕೆಮ್ಮಿತೆಂದು ಮೊದಲು ಗೊತ್ತಾಗುವುದು ನೀಲಾವತಿಗೇ. ಗೌಡರಿಗೆ ಅನುಮಾನ ಬಂದಿತ್ತೋ ಇಲ್ಲವೋ, ಕರುವಿಗಂತೂ ಬಂದಿರಬೇಕು.

ಮರುವರ್ಷ ಹಟ್ಟಿಯ ಬಾಗಿಲಲ್ಲಿ ಅವನು ಮಾತು ಕೊಟ್ಟ. "ದೀಪಾವಳಿ ಕಳೀಲಿ. ನನ್ನನ್ನು ಸಾಕಿದ ಮಾವನನ್ನು ಕರ್ಕೊಂಡು ಬರ್ತೇನೆ. ಅವರದ್ದು ಸ್ವಲ್ಪ ಬಿಗಿ, ಒಪ್ಪಿಸ್ಲಿಕ್ಕೆ ಸಮಯ ಬೇಕು. ಅಷ್ಟರ ತನಕ ನೀನು ಯಾರ ಎಲೆಯನ್ನೂ ಬಾಯಿಗೆ ಹಾಕ್ಬೇಡ."

"ಹಾಕುದಿಲ್ಲ" ಎಂದಳು.

ಅದು ಸುಮ್ಮನೆ ಆಡಿದ ಮಾತಲ್ಲ. ಅವರ ಎರಡೂ ಮನೆತನಗಳಲ್ಲಿ ಮದುವೆ ಗೊತ್ತಾಗುವವರೆಗೆ ಹೆಣ್ಣುಮಕ್ಕಳು ವೀಳ್ಯದೆಲೆ ಮುಟ್ಟುವಂತಿಲ್ಲ. ಗಂಡಿನ ಕಡೆಯವರು ಬಂದು ಹರಿವಾಣದಲ್ಲಿ ವೀಳ್ಯ ಇಡುತ್ತಾರೆ. ಹುಡುಗಿ ಒಪ್ಪಿದಳೆಂದರೆ ಎಲ್ಲರ ಎದುರಿಗೆ ಎಲೆ ಅಡಿಕೆ ಜಗಿದು ಬಾಯಿ ಕೆಂಪು ಮಾಡಿಕೊಳ್ಳಬೇಕು. ಹುಡುಗಿಯ ಬಾಯಿ ಕೆಂಪಾಯಿತೆಂದರೆ ಅವಳು ಇನ್ನೊಂದು ಮನೆಯವಳು. ಆಮೇಲೆ ಮಾತಿಲ್ಲ.

*

ದೀಪಾವಳಿಗೆ ಇನ್ನೂ ದಿನ ಇರುವಾಗಲೇ ಅರಂತೋಡಿನ ಒಂದು ಗಂಡಿನ ಮನೆಯವರಿಂದ ಹೇಳಿಕೆ ಬಂತು. ಬುಧವಾರ ವೀಳ್ಯ ಹಿಡಿದುಕೊಂಡು ಬರುತ್ತಾರಂತೆ. ಅಪ್ಪ ಹೂಂ ಎಂದುಬಿಟ್ಟಿದ್ದರು.

ನೀಲಾವತಿ ಅತ್ತಳು, ಅನ್ನ ಬಿಟ್ಟಳು. ಅವ್ವ ಕಾರಣ ಕೇಳಿದಾಗ ಏನು ಹೇಳುವುದು? ಮೇದಪ್ಪನ ಹೆಸರು ಹೇಳಿದರೆ, ಅವನ ಮಾವ ಇನ್ನೂ ಒಪ್ಪಿಲ್ಲ. ಬಾಯಿಗೆ ಬಂದದ್ದು ಹೇಳಿದಳು: "ಹಲ್ಲು ನೋವು."

ಅದು ಪೂರ್ತಿ ಸುಳ್ಳಲ್ಲ. ಬುದ್ಧಿಹಲ್ಲುಗಳು ಆಗಾಗ ಕಾಡುತ್ತಿದ್ದವು, ಲವಂಗ ಒತ್ತಿದರೆ ಸುಮ್ಮನಾಗುತ್ತಿದ್ದವು. ಆದರೆ ಹೇಳಿದ ಮರುಕ್ಷಣ ಅವಳ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಹಲ್ಲು ಕೀಳಿಸಿದವಳು ಎಲೆ ಅಡಿಕೆ ಜಗಿಯುವುದು ಹೇಗೆ?

ಪುತ್ತೂರಿನಲ್ಲಿ ಸೋಮವಾರ ಮಾತ್ರ ಬರುವ ಪರಮೇಶ್ವರ ಡಾಕ್ಟರು ಕನ್ನಡಿ ಹಾಕಿ ನೋಡಿ, "ಎಡದ್ದು ಇವತ್ತು ತೆಗಿಯುವ. ಬಲದ್ದು ಮುಂದಿನ ತಿಂಗಳು ಸಾಕು" ಎಂದರು.

"ಎರಡೂ ಇವತ್ತೇ ತೆಗೀರಿ ಡಾಕ್ಟ್ರೆ."

"ಎಂತ ಅಷ್ಟು ಅವಸರ?"

ಒಂದು ಕಡೆ ಉಳಿದರೆ ಅರಂತೋಡಿನ ಹಿರಿಯರು ಆ ಕಡೆಯಿಂದ ಜಗಿ ಎನ್ನುತ್ತಾರೆ ಎಂದು ಡಾಕ್ಟರಿಗೆ ಹೇಗೆ ಹೇಳುವುದು? "ದೂರ ಉಂಟು, ಪುನಃ ಪುನಃ ಬರ್ಲಿಕ್ಕೆ ಆಗುದಿಲ್ಲ" ಎಂದಳು.

ಇಂಜೆಕ್ಷನ್ ಚುಚ್ಚಿದರು. ಎಡದ್ದು ಸುಲಭದಲ್ಲಿ ಬಂತು. ಬಲದ್ದು ಹಟಮಾರಿ. ಡಾಕ್ಟರು ಒಂದು ಕೈಯಲ್ಲಿ ಅವಳ ಗಲ್ಲ ಹಿಡಿದು ಇನ್ನೊಂದು ಕೈಯಲ್ಲಿ ಇಕ್ಕಳ ಅಲ್ಲಾಡಿಸುವಾಗ ತಲೆಯೊಳಗೆ ಕಟಕಟ ಸದ್ದು ಕೇಳಿಸುತ್ತಿತ್ತು. ಕುರ್ಚಿಯ ಕೈ ಬಿಗಿಯಾಗಿ ಹಿಡಿದು ನೀಲಾವತಿ ಮನಸ್ಸಿನಲ್ಲಿ ಒಂದೇ ಮಾತು ಹೇಳಿಕೊಂಡಳು: ದೀಪಾವಳಿ ಕಳೀಲಿ, ದೀಪಾವಳಿ ಕಳೀಲಿ.

ಆ ಕುರ್ಚಿಯಿಂದ ಎದ್ದು ಬಂದು ಕೂತದ್ದೇ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ. ಕಂಡದ್ದೇ ಮೇದಪ್ಪನನ್ನು. ಅವನು ಮಾಡಿದ್ದು ಏನೆಂದು ನೀವೇ ನೋಡಿದ್ದೀರಿ.

*

ಬುಧವಾರ ಅರಂತೋಡಿನವರು ಬಂದರು. ನೀಲಾವತಿಯ ಮುಖ ಹಲಸಿನಕಾಯಿಯಂತೆ ಊದಿತ್ತು. ಅವರ ಹಿರಿಯರೊಬ್ಬರು, "ಎಲೆಯ ತುದಿಯನ್ನಾದ್ರೂ ಸ್ವಲ್ಪ..." ಎಂದು ರಾಗ ಎಳೆದರು. ಅಪ್ಪ ತಡೆದರು. "ಬೇಡ, ರಕ್ತ ಬರ್ತದೆ. ಗುಣ ಆಗ್ಲಿ, ಹೇಳಿ ಕಳಿಸ್ತೇನೆ." ಅವರು ವೀಳ್ಯ ವಾಪಸು ಕಟ್ಟಿಕೊಂಡು ಹೋದರು.

ನೀಲಾವತಿ ಗೆದ್ದಿದ್ದಳು. ಯಾರಿಗಾಗಿ ಗೆದ್ದಳು ಎಂಬುದೊಂದೇ ಗೊತ್ತಾಗಲಿಲ್ಲ.

ಕನ್ನಡಿಯೆದುರು ನಿಂತು ತನ್ನ ಮುಖ ನೋಡಿದಳು. ಒಂದು ಕಣ್ಣು ಅರ್ಧ ಮುಚ್ಚಿತ್ತು. ಈ ಮುಖ ನೋಡಿಯೇ ಅಲ್ಲವೇ ಅವನು ಓಡಿದ್ದು? ಚೆಂದ ಇದ್ದಷ್ಟು ದಿನ ಹಟ್ಟಿಗೆ ಬಂದ. ಮುಖ ಕೆಟ್ಟಿತೆಂದು ಬಸ್ ಹತ್ತಿದ. ಅವನಿಗಾಗಿ ಕಿತ್ತ ಹಲ್ಲುಗಳನ್ನು ಅವಳು ಕಾಗದದಲ್ಲಿ ಸುತ್ತಿ ಕುಂಕುಮದ ಭರಣಿಯ ಹಿಂದೆ ಇಟ್ಟಿದ್ದಳು. ಎಸೆಯಬೇಕೆಂದು ಎಷ್ಟೋ ಸಲ ಕೈಗೆ ತೆಗೆದುಕೊಂಡಳು, ಎಸೆಯಲಿಲ್ಲ.

ಊತ ಇಳಿಯಿತು. ಗಾಯ ಮಾಯಿತು. ದೀಪಾವಳಿಯೂ ಬಂತು, ಹೋಯಿತು. ಮಾವನನ್ನು ಕರೆದುಕೊಂಡು ಯಾರೂ ಬರಲಿಲ್ಲ.

ಬಂದವಳು ಒಣಮೀನಿನ ಬುಟ್ಟಿಯ ಜೈನಬಮ್ಮ. ಮನೆಮನೆಗೆ ಮೀನಿನ ಜೊತೆ ಸುದ್ದಿಯನ್ನೂ ಹಂಚುವವಳು. ಬುಟ್ಟಿ ಇಳಿಸಿ, "ನಿಮ್ಮ ದನದ ಮೇದಪ್ಪನಿಗೆ ಮದುವೆಯಂತೆ ಮಗಳೇ. ಗುತ್ತಿಗಾರಿನ ಹುಡುಗಿ, ಕಮಲಾವತಿ ಅಂತ. ವೀಳ್ಯ ಕೊಟ್ಟೂ ಆಯ್ತಂತೆ" ಎಂದಳು.

"ಹೌದಾ?" ಎಂದಳು ನೀಲಾವತಿ. "ನಂಗೆ ಮೀನು ಎಷ್ಟಕ್ಕೆ ಕೊಡ್ತೀರಿ?"

ಮೀನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಒಲೆಯ ಹೊಗೆ ಕಣ್ಣಿಗೆ ಹೋಯಿತೆಂದು ಅವ್ವನಿಗೆ ಹೇಳಿದಳು. ಒಲೆ ಹೊತ್ತಿಸಿರಲಿಲ್ಲ.

*

ಮುಂದಿನ ವಾರ ಹಸುವಿನ ಕೆಚ್ಚಲು ಬಾತಿತು. ಈ ಸಲ ನಿಜವಾದ ಕಾಯಿಲೆ. ಕುಕ್ಕಪ್ಪ ಗೌಡರೇ ಹೇಳಿಕಳಿಸಿದರು.

ಮೇದಪ್ಪ ಬಂದ. ತಲೆ ತಗ್ಗಿಸಿಕೊಂಡೇ ಹಸುವಿಗೆ ಮದ್ದು ಹಚ್ಚಿದ. ಅಪ್ಪ ಬಿಸಿನೀರು ತರಲು ಹೋದಾಗ ನೀಲಾವತಿ ಹಟ್ಟಿಯ ಬಾಗಿಲಿಗೆ ಬಂದು ನಿಂತಳು.

"ಮದುವೆ ಅಂತೆ. ಖುಷಿಯಾ?"

ಅವನು ತಿರುಗಲಿಲ್ಲ. "ನಿನ್ನಷ್ಟಿಲ್ಲ. ನೀನು ನನ್ಗಿಂತ ಮೊದ್ಲೇ ಎಲೆ ತಿಂದವಳು."

"ಎಂತ ಹೇಳ್ತೀರಿ ನೀವು?"

"ಎಂತ ಹೇಳುದು? ಕಣ್ಣಾರೆ ಕಂಡಿದ್ದೇನೆ. ಅರಂತೋಡಿನವರು ವೀಳ್ಯ ಕೊಟ್ರು ಅಂತ ಕಡಬದಲ್ಲೇ ಕೇಳಿದ್ದೆ. ನಂಬಿರ್ಲಿಲ್ಲ. ಪುತ್ತೂರಲ್ಲಿ ನೋಡಿದ್ರೆ ಎರಡೂ ಕೆನ್ನೆ ತುಂಬ ಎಲೆ ತುಂಬಿಸ್ಕೊಂಡು, ಚರಂಡಿಗೆ ಕೆಂಪಗೆ ಉಗಿದು, ನನ್ನನ್ನು ನೋಡಿ ನಗ್ತಾ ಇದ್ದಿ. ಮಾತು ಕೊಟ್ಟವಳು ಹಾಗೆ ನಗುದಾ ನೀಲಾವತಿ?" ಅವನು ತೋಳಿನಿಂದ ಕಣ್ಣೊರೆಸಿಕೊಂಡ. "ಅವತ್ತು ಮನೆಗೆ ಹೋಗಿ ಮಾವನಿಗೆ ಹೇಳಿದೆ, ನೀವು ತೋರಿಸಿದ ಹುಡುಗಿಯೇ ಆಗ್ಬಹುದು ಅಂತ."

ನೀಲಾವತಿ ಒಳಗೆ ಹೋದಳು. ಕಾಗದದ ಪೊಟ್ಟಣ ತಂದು ಬಿಡಿಸಿ ಅವನ ಎದುರು ಹಿಡಿದಳು.

ಹಲ್ಲು ನೋಡುವುದೇ ಕಸುಬಾದವನಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಮೇದಪ್ಪ ಒಂದನ್ನು ಬೆರಳಲ್ಲಿ ಎತ್ತಿದ. ಬೇರು ಕೊಕ್ಕೆಯ ಹಾಗೆ ಬಾಗಿತ್ತು. ಅದರ ಬುಡದಲ್ಲಿ ಕಪ್ಪಾದ ರಕ್ತದ ಗೆರೆ.

"ಅದು... ರಕ್ತವಾ?"

"ಬುಧವಾರ ಅವರ ಎಲೆ ಬಾಯಿಗೆ ಹಾಕ್ಬಾರ್ದು ಅಂತ ಸೋಮವಾರ ಕೀಳಿಸಿದ್ದು. ಒಂದು ಸಾಲ್ದು ಅಂತ ಎರಡು. ಕೆನ್ನೆಯಲ್ಲಿದ್ದದ್ದು ಹತ್ತಿ." ಅವಳಿಗೆ ಈಗ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. "ಮುಖ ಊದಿದ್ದಕ್ಕೆ ನೀವು ಓಡಿದ್ರಿ ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಅದೇ ಆಗಿದ್ರೆ ಒಳ್ಳೆದಿತ್ತು. ಇದು ಅದಕ್ಕಿಂತ ಕಡೆ. ಪ್ರತಿ ದನದ ಬಾಯಿ ಬಿಡಿಸಿ ನೋಡಿ ಆಮೇಲೆ ಮಾತಾಡುವವರು ನೀವು. ನನ್ನ ಬಾಯಿ ಒಂದು ತೆರೆಸಿ ನೋಡ್ಬೇಕು ಅಂತ ನಿಮ್ಗೆ ಕಾಣ್ಲಿಲ್ಲ. ಒಂದು ಮಾತು ಕೇಳ್ಬೇಕು ಅಂತ್ಲೂ ಕಾಣ್ಲಿಲ್ಲ."

ಮೇದಪ್ಪ ಹಟ್ಟಿಯ ನೆಲದಲ್ಲೇ ಕುಳಿತ. "ತಪ್ಪಾಯ್ತು. ಇವತ್ತೇ ಹೋಗಿ ಮಾವನಿಗೆ ಹೇಳ್ತೇನೆ. ವೀಳ್ಯ ವಾಪಸು ತಕ್ಕೊಳ್ಳುವ. ಬೈಯ್ಲಿ, ಹೊಡೀಲಿ" ಎಂದ.

ಇಷ್ಟು ದಿನ ನೀಲಾವತಿ ಕಾದದ್ದು ಈ ಮಾತಿಗೇ. ಹೂಂ ಎಂದರೆ ಸಾಕಿತ್ತು.

"ಕಮಲಾವತಿ ಎಲೆ ಬಾಯಿಗೆ ಹಾಕಿದ್ಳಾ?" ಎಂದು ಕೇಳಿದಳು.

ಅವನು ಕೈಯಲ್ಲಿದ್ದ ಹಲ್ಲನ್ನೇ ನೋಡಿದ.

"ಹೇಳಿ."

"ಹಾಕಿದ್ಳು. ಎಲ್ಲರ ಎದುರಿಗೆ."

"ನಗ್ತಾ ಇದ್ಳಾ?"

"...ಹೌದು."

ನೀಲಾವತಿ ಕಣ್ಣೊರೆಸಿಕೊಂಡಳು. "ಅವಳದ್ದು ನಿಜವಾದ ಕೆಂಪು ಮಾರಾಯ್ರೆ. ಮುಖ ತಿರುಗಿಸಿ ಹೋದ್ರೆ ಹೇಗಾಗ್ತದೆ ಅಂತ ನಂಗೆ ಗೊತ್ತುಂಟು. ಅವಳಿಗೆ ಅದು ಬೇಡ."

"ಮತ್ತೆ ನಾವು?"

"ನಾವು ಆ ಬಸ್ ಸ್ಟ್ಯಾಂಡಲ್ಲಿ ಮುಗ್ದಿದ್ದೇವೆ. ನಂಗೆ ಇವತ್ತು ಗೊತ್ತಾಯ್ತು, ಅಷ್ಟೇ."

ಅವನು ಹಲ್ಲನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದ. "ಇದೊಂದು ನಾನು ಇಟ್ಕೊಳ್ಳಲಾ?"

"ಅವಳು ಕೇಳಿದ್ರೆ ಎಂತ ಹೇಳ್ತೀರಿ? ದನದ್ದು ಅಂತಲಾ?"

ಅಳುತ್ತಿದ್ದ ಇಬ್ಬರಿಗೂ ಒಮ್ಮೆಲೇ ನಗು ಬಂತು. ಆ ನಗುವಿನಲ್ಲಿ ಚೆಂಬಿನ ನೀರು, ಒದ್ದೆ ಪ್ಯಾಂಟು, ಕೆಮ್ಮದ ಕರು ಎಲ್ಲ ಬಂದು ಹೋದವು. ಅವಳು ಕೈ ಚಾಚಿದಳು. ಮೇದಪ್ಪ ಹಲ್ಲನ್ನು ಅವಳ ಅಂಗೈಯಲ್ಲಿ ಇಟ್ಟ. ಅವನ ಬೆರಳು ಒಂದು ಗಳಿಗೆ ಅಲ್ಲೇ ನಿಂತಿತು, ಅವಳೂ ಕೈ ಎಳೆದುಕೊಳ್ಳಲಿಲ್ಲ.

ಅಪ್ಪ ಬಿಸಿನೀರು ತಂದರು. ಅವನಿಗೆ ಕೈ ತೊಳೆಯಲು ಈ ಸಲ ನೀರು ಹೊಯ್ದದ್ದು ಅವರೇ.

ಆ ಸಂಜೆ ನೀಲಾವತಿ ಜಗಲಿಯಲ್ಲಿ ಹಲಸಿನ ಹಪ್ಪಳ ಕಟುಂ ಕಟುಂ ಎಂದು ಕಡಿಯುತ್ತ ಕುಳಿತಿದ್ದಳು. ಕುಕ್ಕಪ್ಪ ಗೌಡರು ಬಂದು ಪಕ್ಕದಲ್ಲಿ ಕುಳಿತರು. ಅವಳ ಕೆಂಪಾದ ಕಣ್ಣು ನೋಡಿದರು, ಕೊಯಿಲದ ಕಡೆಯ ದಾರಿ ನೋಡಿದರು.

"ಅರಂತೋಡಿನವರು ಪುನಃ ಹೇಳಿ ಕಳಿಸಿದ್ದಾರೆ" ಎಂದರು. "ನಿನ್ನ ಹಲ್ಲಿನ ನೋವು ಗುಣ ಆಯ್ತಾ ಮಗ?"

ನೀಲಾವತಿ ಹಪ್ಪಳ ಕೆಳಗಿಟ್ಟಳು.

"ಇಲ್ಲ ಅಪ್ಪ. ಇನ್ನೂ ನೋವುಂಟು."

ಗೌಡರು ಹಪ್ಪಳದ ಚೂರೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತು ಜಗಿದರು.

"ಆಯ್ತು. ಮುಂದಿನ ವರ್ಷ ನೋಡುವ ಅಂತ ಹೇಳಿ ಕಳಿಸ್ತೇನೆ" ಎಂದರು.