ಸ್ಪೆರ್ಲೋಂಗಾದ ಬುಧವಾರ

ನನ್ನನ್ನು ಇಟಲಿಗೆ ಕರೆದದ್ದು ಗೇರ್ ಹಾಕಲಿಕ್ಕೆ.

ಸ್ಪೆರ್ಲೋಂಗಾ ಎಂಬ ಕಡಲೂರಿನಲ್ಲಿ ಮನೆ ಬುಕ್ ಆಗಿತ್ತು. ಬಾಡಿಗೆಗೆ ಸಿಕ್ಕ ವ್ಯಾನು ಮಾತ್ರ ಕ್ಲಚ್ಚಿನದು. ಟೆಕ್ಸಸ್ಸಿನಲ್ಲಿ ಎಡಗಾಲನ್ನು ಸುಮ್ಮನೆ ಕೂರಿಸಿಕೊಂಡು ಕಾರು ಓಡಿಸುವ ಆ ಕುಟುಂಬದಲ್ಲಿ ಕ್ಲಚ್ಚು ಬಲ್ಲವನು ಒಬ್ಬನೇ ಇದ್ದ, ಕೌಸ್ತುಭ್. ಅವನು ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಅವನನ್ನು ಬಿಟ್ಟರೆ ನಾನು, ಅವನ ಗೆಳೆಯ. ಹಾಗಾಗಿ ಅವನ ತಾಯಿ ಅನುಸೂಯಾ ಆಂಟಿ ಫೋನ್ ಮಾಡಿದರು.

"ಆತ್ರೇಯ, ಜೂನಲ್ಲಿ ನಿನ್ ಎಡಗಾಲು ಖಾಲಿ ಇರತ್ತೇನೋ?"

"ಎರಡೂ ಕಾಲು ಖಾಲಿ ಅದಾವ್ರಿ ಆಂಟಿ," ಎಂದೆ. ಹೃದಯದ ವಿಚಾರ ಅವರು ಕೇಳಲಿಲ್ಲ.

ಅಂದಿನಿಂದ ವಾರ ಬಿಟ್ಟು ವಾರ, ಶನಿವಾರ ಬೆಳಿಗ್ಗೆ, ನಾನಿರುವ ಸೀಡರ್ ಪಾರ್ಕಿನಿಂದ ಅವರಿರುವ ಅಲೆನ್ ಊರಿಗೆ ನನ್ನ ಸವಾರಿ. ಡೈನಿಂಗ್ ಟೇಬಲ್ಲಿನ ಒಂದು ತುದಿಗೆ ಆಂಟಿ, ಇನ್ನೊಂದು ತುದಿಗೆ ಲ್ಯಾಪ್‌ಟಾಪ್ ತೆರೆದ ನಿಹಾರಿಕಾ. ಕೌಸ್ತುಭ್‌ನ ಹೆಂಡತಿ, ಪಕ್ಕದೂರು ಪ್ಲೇನೋದಲ್ಲಿ ಕೆಲಸ, ಅತ್ತೆಯೊಂದಿಗೇ ವಾಸ. ಸ್ಪೀಕರಿನಲ್ಲಿ ಹ್ಯೂಸ್ಟನ್‌ನಿಂದ ಕೌಸ್ತುಭ್‌ನ ತಂಗಿ ಮಧುರಾ. ಮನೆ ಬುಕ್ ಮಾಡಿದವಳು ಅವಳೇ.

ಯಾವ ದಿನ ಗಾಯೆತಾ, ಯಾವ ದಿನ ಪಾಂಪೆ, ದೋಣಿಯಲ್ಲಿ ಪೋನ್ಜಾ ದ್ವೀಪಕ್ಕೆ ಹೋದರೆ ಆಂಟಿಗೆ ತಲೆಸುತ್ತು ಬಂದೀತೇ ಎಂಬುದೆಲ್ಲ ಬೇಗ ತೀರ್ಮಾನವಾಗುತ್ತಿತ್ತು. ಮನೆಮಂದಿಯೆಲ್ಲ ಸಸ್ಯಾಹಾರಿಗಳು, ಊಟ ಮಾತ್ರ ತೀರ್ಮಾನವಾಗುತ್ತಿರಲಿಲ್ಲ.

"ಮೀನು ಮೇಲಿದ್ರೆ ಎತ್ತಿಡಬಹುದು. ಸಾಸಿನಲ್ಲಿ ಕರಗೇ ಹೋಗಿದ್ರೆ?" ಎಂದರು ಆಂಟಿ. "ನಾನು ರೈಸ್ ಕುಕ್ಕರ್ ತರ್ತೀನಿ."

"ಇಲ್ಲಿಯ ಕುಕ್ಕರ್ ಅಲ್ಲಿಯ ಕರೆಂಟಿಗೆ ಹಾಕಿದ್ರ ಅನ್ನ ಆಗೂದಿಲ್ರಿ, ದೀಪಾವಳಿ ಆಗ್ತದ."

ನಿಹಾರಿಕಾ ಕಾಫಿ ಲೋಟವನ್ನು ಮೂಗಿನ ತನಕ ಏರಿಸಿದಳು. ನಗು ಬಂದಾಗ ಅವಳು ಹಾಗೆಯೇ. ಲೋಟದ ಅಂಚಿನ ಮೇಲೆ ಎರಡು ಕಣ್ಣು ಮಾತ್ರ ಉಳಿಯುತ್ತವೆ. ಆ ಕಣ್ಣುಗಳಿಗಾಗಿ ನಾನು ಇನ್ನೂರು ಮೈಲಿ ಬರುತ್ತಿದ್ದೆ.

ಆಂಟಿಯ ಭಯ ಬಿಡಿಸಲು ನಾನು ವೇಟರ್ ಆದೆ. ಕೈಮೇಲೆ ಟವೆಲ್ಲು, ಮಾತಿನ ಕೊನೆಗೆಲ್ಲ ಒಂದು ರಾಗ. "ಸಿನ್ಯೋರಾ ಅನುಸೂಯಾ, ಇವತ್ತು ದೊಡ್ಡ ಮೀನು ಇದೆ, ಸಣ್ಣ ಮೀನು ಇದೆ. ವೆಜಿಟೇರಿಯನ್ನರಿಗೆ ತುಂಬಾ ತುಂಬಾ ಸಣ್ಣ ಮೀನು."

ಆಂಟಿ ನಕ್ಕರು. ನನಗೆ ಉಮೇದು ಏರಿತು. ಟೇಬಲ್ ಸುತ್ತಿ ಒಬ್ಬೊಬ್ಬರ ಧ್ವನಿಯನ್ನು ಅನುಕರಿಸುತ್ತ ಅವರವರ ಆರ್ಡರ್ ಕೊಟ್ಟೆ. ಮಧುರಾಳ ಅವಸರ, ಅವಳ ಗಂಡ ಸುನೀಲನ ಗೊಗ್ಗರು ದನಿ. ಆಮೇಲೆ ಖಾಲಿ ಕುರ್ಚಿಯ ಬಳಿ ಬಂದೆ. ನಾನು ಯೋಚಿಸುವ ಮೊದಲೇ ಬಾಯಿಂದ ಇನ್ನೊಂದು ಧ್ವನಿ ಹೊರಟಿತು.

"ನಂಗೇನೂ ಬೇಡಮ್ಮ, ಮೊಸರನ್ನ ಸಾಕು. ನಿಂದು ಊಟ ಆಯ್ತಾ?"

ಕೌಸ್ತುಭ್. ಅದೇ ಕೊಂಚ ಒಡಕು, ಮಾತಿಗೆ ಮುಂಚಿನ ಅದೇ ಸಣ್ಣ ಉಸಿರು. ನಿಹಾರಿಕಾಳ ಲೋಟ ಗಾಳಿಯಲ್ಲೇ ನಿಂತಿತ್ತು. ಅವಳು ನನ್ನನ್ನು ನೋಡುತ್ತಿದ್ದಳು, ನೆಟ್ಟ ನೋಟದಲ್ಲಿ.

ಆಂಟಿ ಅಳಲಿಲ್ಲ. "ಇನ್ನೊಂದ್ ಸಲ ಹೇಳು," ಎಂದರು.

ಹೇಳಿದೆ. ಮುಂದಿನ ಸಲ ಬಂದಾಗಲೂ ಹೇಳಿದೆ. ಬರುಬರುತ್ತ ಅದೇ ಪದ್ಧತಿಯಾಯಿತು. "ಪಾಂಪೆಗೆ ಬೆಳಿಗ್ಗೆ ಹೋಗೋಣ್ವೋ ಸಂಜೆಗೋ, ಅವನನ್ನೇ ಕೇಳು," ಎನ್ನುತ್ತಿದ್ದರು ಆಂಟಿ. ತೀರಿಕೊಂಡವನು ಪ್ರವಾಸ ಪ್ಲಾನ್ ಮಾಡತೊಡಗಿದ. ಪ್ರತಿ ರೆಸ್ಟೊರೆಂಟಿನಲ್ಲೂ ಒಂದು ಕುರ್ಚಿ ಹೆಚ್ಚಿಗೆ ಬುಕ್ ಆಯಿತು. ಯಾರೂ ಯಾಕೆಂದು ಕೇಳಲಿಲ್ಲ.

ನಾನು ನಾನಾಗಿ ಮಾತಾಡಿದಾಗ ನಿಹಾರಿಕಾಳ ಕಣ್ಣು ಲ್ಯಾಪ್‌ಟಾಪಿನ ಮೇಲಿರುತ್ತಿತ್ತು. ಆ ಧ್ವನಿ ಬಂದರೆ ಮೇಲೇಳುತ್ತಿತ್ತು. ಆ ನೋಟ ಯಾರ ವಿಳಾಸಕ್ಕೆ ಬಂದದ್ದೆಂದು ನನಗೆ ಗೊತ್ತಿತ್ತು. ನಾನು ಬರೀ ಪೋಸ್ಟ್ ಡಬ್ಬಿ.

ಒಂದು ಮಧ್ಯಾಹ್ನ ವಾಪಸು ಬರುವಾಗ, ವೇಕೋ ಊರು ದಾಟಿದ ಮೇಲೆ, ಕಾರಿನಲ್ಲಿ ಒಬ್ಬನೇ ಇದ್ದೆ. ತಮಾಷೆಗೆಂದು ಕೇಳಿದೆ: "ಏನ್ಲೇ ಕೌಸ್ತುಭ್, ನಿನ್ನ ಹೆಂಡತಿ ಮ್ಯಾಲೆ ನನ್ನ ಮನಸು ಹೋಗೇದ. ಏನ್ ಮಾಡ್ಲಿ?"

ನನ್ನ ಬಾಯಿಂದಲೇ ಉತ್ತರ ಬಂತು. "ನನ್ನ ಸೀಟಲ್ಲಿ ಕೂತಿದೀಯಲ್ಲ, ಆರಾಮಾಗಿದ್ಯಾ?"

ಆ ವಾಕ್ಯವನ್ನು ನಾನು ಯೋಚಿಸಿರಲಿಲ್ಲ. ಆಣೆಗೂ ಯೋಚಿಸಿರಲಿಲ್ಲ. ಹೊರಗೆ ಟೆಕ್ಸಸ್ಸಿನ ಬಿಸಿಲು ಡಾಂಬರು ಕರಗಿಸುತ್ತಿತ್ತು. ನಾನು ಕೈ ಚಾಚಿ ಎಸಿ ಆರಿಸಿದೆ.

ಕೊನೆಯ ಶನಿವಾರ ಆಂಟಿ ಪಂಚಾಂಗ ತೆಗೆದರು. ಮಧುರಾ ಸ್ಕೂಲ್ ರಜೆ ನೋಡಿ ಮನೆ ಬುಕ್ ಮಾಡಿದ್ದಳೇ ಹೊರತು ತಿಥಿ ನೋಡಿರಲಿಲ್ಲ. ಅಣ್ಣನ ಎರಡನೇ ವರ್ಷದ ತಿಥಿ ನೇರ ಸ್ಪೆರ್ಲೋಂಗಾದ ಬುಧವಾರಕ್ಕೆ ಬಂದು ಕೂತಿತ್ತು.

"ಇರ್ಲಿ, ಎಲ್ಲಿದ್ರೇನು," ಎಂದರು ಆಂಟಿ. "ಬುಧವಾರ ಎಲ್ಲೂ ಹೋಗೋದು ಬೇಡ. ಮನೇಲೇ ಅಡುಗೆ. ಎಲ್ಲ ಬಡಿಸಿದ ಮೇಲೆ ಅವನು ನನ್ನನ್ನ ಊಟಕ್ಕೆ ಕರೀಬೇಕು. ಕರೀತೀಯ ತಾನೇ?"

"ಹೂಂ," ಎಂದೆ. ನಿಹಾರಿಕಾ ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು.

ಇಟಲಿಯಲ್ಲಿ ನನ್ನ ಎಡಗಾಲಿಗೆ ಬಿಡುವಿರಲಿಲ್ಲ. ಮುಂದಿನ ಸೀಟಿನಲ್ಲಿ ನಿಹಾರಿಕಾ ಮ್ಯಾಪ್ ಹಿಡಿದು ಕೂರುತ್ತಿದ್ದಳು. ಗಾಯೆತಾ ದಾರಿಯ ತಿರುವಿನಲ್ಲಿ ನಾನು ಗೇರ್ ತಪ್ಪಿಸಿ ವ್ಯಾನು ಕೆಮ್ಮಿದಾಗ, "ಎಡಗಾಲಿಗೂ ಜೆಟ್‌ಲ್ಯಾಗ್ ಆಗತ್ತಾ?" ಎಂದಳು. ಗಾಳಿಗೆ ಹಾರಿದ ಅವಳ ಕೂದಲಿನ ಒಂದೆಳೆ ನನ್ನ ಭುಜಕ್ಕೆ ತಾಗಿತು. ಅವಳು ಅದನ್ನು ನಿಧಾನವಾಗಿ, ಬೇಕಾದ್ದಕ್ಕಿಂತ ನಿಧಾನವಾಗಿ, ಹಿಂದಕ್ಕೆ ತೆಗೆದುಕೊಂಡಳು.

ಹಿಂದಿನ ಸೀಟಿನಿಂದ ಯಾರೋ ನೋಡುತ್ತಿದ್ದಂತಾಗಿ ಕನ್ನಡಿ ನೋಡಿದೆ. ಆಂಟಿ ನಿದ್ದೆಯಲ್ಲಿದ್ದರು. ಪಕ್ಕದ ಸೀಟು ಖಾಲಿ.

ಬುಧವಾರ ಬೆಳಿಗ್ಗೆ ಇಬ್ಬರೂ ತರಕಾರಿಗೆ ಹೋದೆವು. ಬೀನ್ಸ್ ಆರಿಸುತ್ತ ಅವಳು ತಲೆಯೆತ್ತದೆ ಹೇಳಿದಳು: "ಇವತ್ತು ಆ ಧ್ವನಿ ಬೇಡ."

"ನನಗೂ ಬ್ಯಾಡಾಗೇದ್ರಿ. ಆದ್ರ ಅದನ್ನ ಬಿಟ್ರ ನೀವು ನನ್ನ ಕಡೆ ನೋಡೂದಿಲ್ಲ. ಅದೂ ಗೊತ್ತದ. ನೀವು ಕೇಳೂದು ಅವನ್ನ."

ಅವಳು ಬೀನ್ಸ್ ಕೆಳಗಿಟ್ಟಳು. "ಅವನ ಉಸಿರು, ಅವನ ಒಡಕು, ಎಲ್ಲ ಸರಿಯಾಗೇ ಮಾಡ್ತೀರ. ಒಂದು ತಪ್ಪು ಬಿಟ್ಟು."

"ಯಾವುದ್ರಿ?"

"ಕೌಸ್ತುಭ್ ಯಾವತ್ತೂ ಯಾರನ್ನೂ ಊಟ ಆಯ್ತಾ ಅಂತ ಕೇಳಿದೋನಲ್ಲ. ಒಳ್ಳೆಯವನು. ನನ್ನನ್ನ ಚೆನ್ನಾಗಿ ನೋಡ್ಕೊಂಡ. ಆದ್ರೆ ನಾವು ಕೂರೋಷ್ಟ್ರಲ್ಲಿ ಅವನು ತಿಂದು ಕೈ ತೊಳೆದಿರ್ತಿದ್ದ." ಅವಳು ಈಗ ನನ್ನನ್ನೇ ನೋಡುತ್ತಿದ್ದಳು, ಲೋಟದ ಮರೆಯಿಲ್ಲದೆ. "ಪ್ರತಿ ಸಲ ನೀವು ಅದನ್ನ ಕೇಳ್ತಿದ್ರಿ, ಅವನ ಧ್ವನಿಯಲ್ಲಿ. ಆ ಪ್ರಶ್ನೆ ಯಾರದು ಅಂತ ನಾನು ಆಗ ನೋಡ್ತಿದ್ದೆ."

ತರಕಾರಿಯವಳು ಇಟಾಲಿಯನ್ನಿನಲ್ಲಿ ಏನೋ ಕೇಳಿದಳು. ಎಲ್ಲರ ಧ್ವನಿ ಬಲ್ಲ ನಾನು ಬೆರಳು ಚಾಚಿ ಬೀನ್ಸ್ ತೋರಿಸಿದೆ.

ಮಧ್ಯಾಹ್ನ ಅನ್ನ, ತೊವ್ವೆ, ಬೀನ್ಸ್ ಪಲ್ಯ, ಪಾಯಸ. ಕಡಲು ಕಾಣುವ ಕಿಟಕಿಯ ಪಕ್ಕ ಒಂದು ತಟ್ಟೆ ಹೆಚ್ಚಿಗೆ. ಆಂಟಿ ಕಣ್ಣು ಮುಚ್ಚಿ ಕೂತರು. ಮಧುರಾ ಸೆರಗು ಬಾಯಿಗಿಟ್ಟುಕೊಂಡಳು. ಎಲ್ಲರೂ ಕಾಯುತ್ತಿದ್ದರು.

ಅವನು ಬಂದ. ಗಂಟಲಿನ ತನಕ ಬಂದ, ನಾಲಿಗೆಯ ಮೇಲೆ ಕೂತ, ಮಾತಿನ ಮುಂಚಿನ ಆ ಸಣ್ಣ ಉಸಿರನ್ನೂ ಎಳೆದುಕೊಂಡ. ಅವನಿಗೆ ಒಂದು ಮಾತು ಬಿಟ್ಟುಕೊಟ್ಟರೆ ಆಂಟಿ ನನ್ನನ್ನು ಎಂದೂ ದೂರ ಕಳಿಸಲಾರರು. ಬಿಟ್ಟುಕೊಡದಿದ್ದರೆ ಅಲೆನ್‌ನ ಬಾಗಿಲು ಮುಚ್ಚಿಹೋದೀತು, ನಿಹಾರಿಕಾ ಆ ಬಾಗಿಲಿನ ಒಳಗೆ.

ನಾನು ಅವನನ್ನು ನುಂಗಿದೆ.

"ಆಂಟಿ, ಊಟಕ್ಕ ಬರ್ರಿ," ಎಂದೆ, ನನ್ನ ಧಾರವಾಡದ ಗಂಟಲಿನಲ್ಲಿ. "ಆರಿ ಹೋಗ್ತದ."

ಆಂಟಿ ಕಣ್ಣು ತೆರೆದರು.

"ನಂಗೆ ಮೊದಲನೇ ದಿನಾನೇ ಗೊತ್ತಿತ್ತು ಕಣೋ," ಎಂದರು. "ನನ್ನ ಮಗ ಅಮ್ಮನ್ನ ಊಟಕ್ಕೆ ಕರೆದೋನೇ ಅಲ್ಲ. ಸತ್ತ ಮೇಲಾದ್ರೂ ಕಲಿತ್ನೇನೋ ಅಂದ್ಕೊಂಡಿದ್ದೆ." ಅನ್ನದ ಪಾತ್ರೆಯನ್ನು ನನ್ನ ಕಡೆ ತಳ್ಳಿದರು. "ಬಡಿಸು. ಕರೆದೋನೇ ಬಡಿಸಬೇಕು."

ಬಡಿಸಿದೆ. ಕಿಟಕಿ ಪಕ್ಕದ ತಟ್ಟೆಗೆ ಆಂಟಿಯೇ ಬಡಿಸಿದರು. ಮೊಸರಿನ ಡಬ್ಬಿ ವ್ಯಾನಿನಲ್ಲೇ ಉಳಿದಿತ್ತು, ತರಲು ಹೋದೆ.

ಬಿಸಿಲಿಗೆ ಕಾದ ಡ್ರೈವರ್ ಸೀಟಿನಲ್ಲಿ ಕೂತು, ಮೆಲ್ಲನೆ ಕೇಳಿದೆ: "ಕೌಸ್ತುಭ್, ಏನ್ಲೇ, ಸಿಟ್ಟಾದೇನು?"

ಕಾದೆ. ಅಲೆ ಬಂತು, ಹೋಯಿತು. ನನ್ನ ತುಟಿ ಅಲುಗಲಿಲ್ಲ. ಅದು ಒಪ್ಪಿಗೆಯೋ ಮುನಿಸೋ ಇಂದಿಗೂ ಹೇಳಲಾರೆ. ಕ್ಲಚ್ಚನ್ನು ಮಾತ್ರ ಯಾರೋ ಆಗಷ್ಟೇ ಬಿಟ್ಟಂತೆ ಒಂದು ಸಣ್ಣ ಟಕ್ ಸದ್ದು.

ಅಲ್ಲೇ ಎಷ್ಟು ಹೊತ್ತು ಕೂತೆನೋ, ಒಳಗೆ ಬಂದಾಗ ಎಲ್ಲರೂ ಉಂಡು ಎದ್ದಿದ್ದರು. ಕಿಟಕಿಯ ತಟ್ಟೆಗೆ ಮೊಸರು ಹಾಕಿದೆ. ಅದರ ಎದುರು ನಿಹಾರಿಕಾ ಒಬ್ಬಳೇ ಕೂತಿದ್ದಳು, ಅವಳ ಮುಂದೆ ಮುಟ್ಟದ ಎರಡು ತಟ್ಟೆ, ಅವಳದೂ ನನ್ನದೂ.

"ನಿಮ್ಮದು ಊಟ ಆತೇನ್ರಿ?" ಎಂದೆ.

"ಇಲ್ಲ," ಎಂದಳು. "ನಿನಗೇ ಕಾಯ್ತಾ ಇದ್ದೆ."