ಶುಕ್ರವಾರದ ಸೀಳು

ಲೋ ಸೆಂಗ್ ಕೀ ಅವತ್ತು ಬೆಳಿಗ್ಗೆ ಚಪ್ಪಲಿ ಬಿಡುವುದನ್ನೂ ಮರೆತು ನಮ್ಮ ಮನೆಯೊಳಗೆ ನುಗ್ಗಿದ. ಮಲೇಷ್ಯಾದ ಈ ಪೆನಾಂಗ್ ದ್ವೀಪದಲ್ಲಿ ಹಾಗೆ ಬರುವವನು ಒಂದೋ ಪೊಲೀಸ್, ಇಲ್ಲವೇ ಸಾವಿನ ಸುದ್ದಿ ತಂದವನು.

"ಮೇಡಂ, ನಮ್ಮ ಹುಡುಗನ್ನ ಹೇಗಾದ್ರೂ ಉಳಿಸ್ಕೊಡಿ. ನಿಮ್ಮನ್ನ ಬಿಟ್ರೆ ನಂಗ್ಯಾರೂ ಇಲ್ಲ."

ಮೇಡಂ ಖಾ ಗಾಯಿಕ್ ಹೂನ್ ಪೇಪರ್ ಮಡಚಿಟ್ಟರು. ನಲವತ್ತು ವರ್ಷ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬರೆದು, ಅದರ ನಡುವೆ ನೂರಾರು ಜನಕ್ಕೆ ಕಲಿಸಿ, ಈಗ ಮನೆಯಲ್ಲಿ ಕೂತವರು. ದ್ವೀಪದ ಯಾವ ಕಾರ್ಖಾನೆಯಲ್ಲಿ ಬೋರ್ಡು ಕೈಕೊಟ್ಟರೂ ಜನ ಹುಡುಕಿಕೊಂಡು ಬರುವುದು ಇವರನ್ನೇ. ನಾನು ಸವರಿಮುತ್ತು. ಹಿಂದೆ ಅವರ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ಈಗ ಅವರ ಮನೆಯಲ್ಲೇ ಇದ್ದು ಕಾರು ಓಡಿಸುತ್ತೇನೆ, ಬೈಗುಳ ತಿನ್ನುತ್ತೇನೆ.

ಲೋ ಕೂಡ ಅವರ ಶಿಷ್ಯನೇ. ಅವನು ಹೇಳಿದ 'ಹುಡುಗ'ನಿಗೆ ಮೂವತ್ತೊಂದು ವರ್ಷ. ಹೆಸರು ರಿಧ್ವಾನ್, ಲೋನ ಕೈಕೆಳಗೆ ಬೋರ್ಡು ಬರೆಯುವವನು. ಅವರ ಕಂಪನಿ ಆಸ್ಪತ್ರೆಯ ರಕ್ತಪರೀಕ್ಷೆ ಯಂತ್ರಕ್ಕೆ ಬೋರ್ಡು ಮಾಡಿತ್ತು. ಅದರ ನಡುವಿನ ಚಿಪ್, ಏರಿಳಿಯುವ ವೋಲ್ಟೇಜನ್ನು ಅಳೆದು ಅಂಕಿಯಾಗಿ ಕೊಡುತ್ತದೆ. ಮಾದರಿ ಬೋರ್ಡು ಚೆನ್ನಾಗಿಯೇ ಇತ್ತು. ಕಾರ್ಖಾನೆಯಿಂದ ಬಂದ ಆರುನೂರು ಬೋರ್ಡುಗಳಲ್ಲಿ ಮಾತ್ರ ಅಂಕಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಗುರುವಾರ ಎಲ್ಲರೂ ಕೂತು ನಕ್ಷೆ ಒಪ್ಪಿದ್ವಿ," ಎಂದ ಲೋ. "ಶುಕ್ರವಾರ ಮಧ್ಯಾಹ್ನ ಒಂದೂ ಮೂವತ್ತೆರಡಕ್ಕೆ ರಿಧ್ವಾನ್ ಹೆಸರಲ್ಲಿ ಕಡತ ಬದಲಾಗಿದೆ. ಸಂಜೆ ಆ ಬದಲಾದ ಕಡತವೇ ಕಾರ್ಖಾನೆಗೆ ಹೋಗಿದೆ. ಬೇರೆ ಕಂಪನಿಯವ್ರು ಅವನನ್ನ ಕರೀತಿದ್ರಂತೆ, ಅದಕ್ಕೇ ಬೇಕಂತ ಕೆಡಿಸಿದ್ದಾನೆ ಅಂತ ಮ್ಯಾನೇಜರ್ ಬೇ ಕೂಗಾಡ್ತಿದ್ದಾನೆ. ಆ ಹೆಸರು ಅಂಟಿದ್ರೆ ಈ ಊರಲ್ಲಿ ಯಾರೂ ಅವನಿಗೆ ಪೆನ್ಸಿಲ್ ಕೂಡ ಕೊಡಲ್ಲ."

"ರಿಧ್ವಾನ್ ಏನಂತಾನೆ?"

"ಬಾಯೇ ಬಿಡ್ತಿಲ್ಲ. ಅದೇ ಮೇಡಂ ನಂಗೆ ಅರ್ಥ ಆಗ್ದೇ ಇರೋದು. ನಾನೂ ಮೂರು ಸಲ ನಕ್ಷೆ ನೋಡ್ದೆ. ತಪ್ಪು ಕಾಣಲ್ಲ. ಕಳಿಸೋ ಮುಂಚೆ ಕೊನೇ ಸಲ ನೋಡಿ ಸರಿ ಮಾಡಿದ್ದೂ ನಾನೇ!"

ಅವನು ತಂದಿದ್ದ ಎರಡು ಬೋರ್ಡುಗಳನ್ನು, ಮಾದರಿಯದೊಂದು, ಕೆಟ್ಟದ್ದೊಂದು, ಮೇಡಂ ಕಿಟಕಿಯ ಬೆಳಕಿಗೆ ಹಿಡಿದರು. ಮಾದರಿಯ ಅಡಿಭಾಗದ ತಾಮ್ರ ಇಡಿಯಾಗಿತ್ತು. ಕೆಟ್ಟ ಬೋರ್ಡಿನಲ್ಲಿ ಚಿಪ್ಪಿನ ಎರಡೂ ಕಡೆಯಿಂದ ಕೂದಲೆಳೆಯಂತೆ ಬೆಳಕು ತೂರಿ ಬಂತು. ತಾಮ್ರವನ್ನು ಎರಡು ಭಾಗ ಮಾಡಿ, ಚಿಪ್ಪಿನ ಕೆಳಗೆ ಮಾತ್ರ ಎರಡು ಮಿಲಿಮೀಟರಿನ ಸೇತುವೆ ಉಳಿಸಿದ್ದರು. ಸೀಳಿನ ತುದಿಗಳನ್ನು ನೀಟಾಗಿ ದುಂಡಗೆ ಮಾಡಿದ್ದರು.

ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಕಾಫಿ ಆರಿಹೋಯಿತು. ಅಷ್ಟು ವರ್ಷದಲ್ಲಿ ಅವರು ಕಾಫಿ ಆರಲು ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಲೋ, ನೀನು ಹೋಗು. ನಾಳೆ ಹತ್ತಕ್ಕೆ ಬರ್ತೀನಿ, ಎಲ್ಲರೂ ಇರ್ಲಿ," ಎಂದರು. ಅವನು ಹೋದ ಮೇಲೆ, "ಸವರಿ, ಆ ಸೀಳಿನ ಮೇಲೆ ತಾಮ್ರದ ಪಟ್ಟಿ ಬೆಸುಗೆ ಹಾಕು. ಇನ್ನೇನೂ ಮುಟ್ಬೇಡ."

ಹಾಕಿದೆ. ಮೀಟರಿಗೆ ಜೋಡಿಸಿದೆ. ಜ್ವರ ಬಂದವರಂತೆ ನಡುಗುತ್ತಿದ್ದ ಅಂಕಿ ನಿಂತುಬಿಟ್ಟಿತು.

"ಗೆದ್ರಿ ಮೇಡಂ!" ಎಂದೆ.

"ಸುಮ್ನಿರೋ," ಎಂದರು. ಅವತ್ತು ಊಟವನ್ನೂ ಮಾಡಲಿಲ್ಲ.

ಮರುದಿನ ಬಾಯಾನ್ ಲೆಪಾಸ್‌ನಲ್ಲಿದ್ದ ಲೋನ ಕಂಪನಿಯ ಕಚೇರಿಯಲ್ಲಿ ಮ್ಯಾನೇಜರ್ ಬೇ ತೈಕ್ ಚಾಯ್ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ರಿಧ್ವಾನನ ವಜಾ ಪತ್ರ ಸಿದ್ಧವಾಗಿತ್ತು. ರಿಧ್ವಾನ್ ತಲೆ ತಗ್ಗಿಸಿ ಕೂತಿದ್ದ, ಪಕ್ಕದಲ್ಲಿ ಲೋ.

"ಬೇ, ಬದಲಾವಣೆ ಆದ ಹೊತ್ತಲ್ಲಿ ಈತ ಎಲ್ಲಿದ್ದ ಅಂತ ಕೇಳಿದ್ರಾ?" ಮೇಡಂ ಶುರುಮಾಡಿದರು. "ಶುಕ್ರವಾರ, ಒಂದೂವರೆ. ಮುಸ್ಲಿಂ ಗಂಡಸರೆಲ್ಲ ಜುಮಾ ನಮಾಜಿಗೆ ಮಸೀದೀಲಿ ಇರೋ ಹೊತ್ತು. ಕಂಪ್ಯೂಟರ್ ಮಾತ್ರ ಈತನ ಹೆಸರಲ್ಲಿ ತೆರೆದೇ ಇತ್ತು."

"ನಮಾಜು ತಪ್ಪಿಸಿರಬಹುದು," ಎಂದ ಬೇ.

"ಇರಬಹುದು. ಸೀಳು ನೋಡಿ ಹಾಗಾದ್ರೆ." ಮೇಜಿನ ಮೇಲಿದ್ದ ಇನ್ನೊಂದು ಕೆಟ್ಟ ಬೋರ್ಡನ್ನು ಎತ್ತಿ ಹಿಡಿದರು. "ಕೆಡಿಸೋಕೆ ಬಂದವನು ಹೀಗೆ ತುದಿ ದುಂಡಗೆ ಮಾಡ್ತಾ ಕೂರಲ್ಲ. ಇದು ಪ್ರೀತಿಯಿಂದ ಮಾಡಿದ ಕೆಲಸ. ಸೂಕ್ಷ್ಮ ಅಳತೆ ಒಂದು ಕಡೆ, ಅಂಕಿಗಳ ಗದ್ದಲ ಇನ್ನೊಂದು ಕಡೆ ಇರ್ಲಿ ಅಂತ ಅಡಿಭಾಗದ ತಾಮ್ರ ಕತ್ತರಿಸೋದು ಹಳೇಕಾಲದ ಪದ್ಧತಿ. ಈತನ ವಯಸ್ಸಿನವರು ಕತ್ತರಿಸಲ್ಲ. ಈ ಕೋಣೇಲಿ ಹಾಗೆ ಕಲಿತವನು ಒಬ್ಬನೇ ಇದ್ದಾನೆ."

ಲೋ ಮುಖ ಎತ್ತಿದ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ. ನನಗೆ ಆಗಿತ್ತು, ಎದ್ದು ಹೊರಗೆ ಹೋಗೋಣ ಅನ್ನಿಸಿತು.

"ಅದಾ? ಅದು ನಾನೇ ಮಾಡಿದ್ದು," ಎಂದ. "ಊಟದ ಹೊತ್ತಲ್ಲಿ ಇವನ ಕಂಪ್ಯೂಟರಲ್ಲಿ ಕೂತು. ಹುಡುಗ ಮರೆತಿದ್ದ, ಸೇರಿಸ್ದೆ. ಅದನ್ನ ಬದಲಾವಣೆ ಅಂತ ನಾನು ಲೆಕ್ಕಕ್ಕೇ ಹಿಡೀಲಿಲ್ಲ. ಅದು ತಪ್ಪಲ್ವಲ್ಲ ಮೇಡಂ?"

"ಮೇಲ್ಗಡೆ ಮೂರು ಗೆರೆ ಆ ಸೀಳನ್ನ ದಾಟಿ ಹೋಗ್ತಾವೆ ಲೋ. ಗೆರೇಲಿ ಹೋದ ವಿದ್ಯುತ್ತು ಅದರ ಕೆಳಗಿನ ತಾಮ್ರದಲ್ಲೇ ವಾಪಸ್ ಬರ್ಬೇಕು. ನೀನು ದಾರಿ ಕಡಿದೆ. ಅದು ಸುತ್ತು ಹಾಕ್ಕೊಂಡು ಬರುತ್ತೆ, ಬರುವಾಗ ಅಳತೆಯನ್ನೆಲ್ಲ ಕದಡುತ್ತೆ. ನಿನ್ನೆ ಸವರಿ ಆ ಸೀಳು ಮುಚ್ಚಿದ, ಅಂಕಿ ನಿಂತ್ಕೊಳ್ತು. ನೀನು ಮೂರು ಸಲ ನೋಡಿದ್ರೂ ತಪ್ಪು ಕಾಣ್ಲಿಲ್ಲ, ಯಾಕಂದ್ರೆ ನಿನ್ನ ಕಣ್ಣಿಗೆ ಅದೇ ಸರಿ."

ಲೋ ಬೋರ್ಡನ್ನೇ ನೋಡಿದ. ನಿಧಾನಕ್ಕೆ ಪಕ್ಕಕ್ಕೆ ತಿರುಗಿದ. "ನಿಂಗೆ ಗೊತ್ತಿತ್ತಾ?"

ರಿಧ್ವಾನ್ ಮೊದಲ ಸಲ ಬಾಯಿ ತೆರೆದ. "ನಮಾಜಿಂದ ಬಂದಾಗ್ಲೇ ನೋಡ್ದೆ ಗುರುಗಳೇ. ಹಾಳಾಗುತ್ತೆ ಅನ್ನಿಸ್ತು. ನೀವು 'ಸರಿ ಮಾಡಿದೀನಿ, ಕಳ್ಸು' ಅಂದ್ರಿ. ನೀವು ಮಾಡಿದ್ದನ್ನ ಅಳಿಸೋಕೆ ನಂಗೆ ಕೈ ಬರ್ಲಿಲ್ಲ. ಆಮೇಲೆ ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನಿವೃತ್ತಿಗೆ ನಿಮಗಿನ್ನು ಎರಡೇ ವರ್ಷ."

"ಪೆದ್ದ," ಎಂದ ಲೋ. "ಪೆದ್ದ ಮುಂಡೇದೇ."

ಬೇ ವಜಾ ಪತ್ರ ಎತ್ತಿಕೊಂಡ. "ದ್ರೋಹ ಮಾಡಿಲ್ಲ ಅಂತಾಯ್ತು, ಅದನ್ನ ಪತ್ರದಿಂದ ತೆಗೀತೀನಿ. ಆದ್ರೆ ತಪ್ಪು ಅಂತ ಗೊತ್ತಿದ್ದೂ ಆಸ್ಪತ್ರೆ ಬೋರ್ಡು ಕಳಿಸಿದ್ದಾನೆ. ಇಬ್ಬರೂ ಇವತ್ತೇ ಮೇಜು ಖಾಲಿ ಮಾಡಿ."

"ನನ್ನೊಬ್ಬನ್ನ ಕಳಿಸಿ, ಬೇ," ಎಂದ ಲೋ. "ಕಾಲು ಹಿಡ್ಕೋತೀನಿ."

ಬೇ ಹಿಡಿಸಿಕೊಳ್ಳಲಿಲ್ಲ, ಹೊರಟುಹೋದ. ಅವನನ್ನು ಬೈಯಲು ನನಗೂ ಕಾರಣ ಸಿಗಲಿಲ್ಲ. ಆ ಯಂತ್ರದಿಂದ ಯಾರದ್ದೋ ರಕ್ತದ ಲೆಕ್ಕ ತಪ್ಪಿದ್ದರೆ?

ರಿಧ್ವಾನ್ ಸಾಮಾನು ತುಂಬಲು ಡಬ್ಬಿ ತರಲು ಹೋದ. ಲೋ ಮೇಜಿನ ಮೇಲಿದ್ದ ಬೋರ್ಡನ್ನು ಕೈಗೆತ್ತಿಕೊಂಡು ಸೀಳಿನ ಮೇಲೆ ಉಗುರು ಆಡಿಸಿದ.

"ಎರಡು ಮಿಲಿಮೀಟರ್ ಸೇತುವೆ, ತುದಿ ದುಂಡಗೆ. ನೀವೇ ಕೈಹಿಡಿದು ಬರೆಸಿದ್ದು ಮೇಡಂ. ಇಪ್ಪತ್ತೇಳು ವರ್ಷದ ಹಿಂದೆ."

"ಹೂಂ. ನಾನೇ."

"ಇದು ಸರಿಯಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಸುಳ್ಳು ಹೇಳಿ ಮೇಡಂ, ಇದೊಂದು ಸಲ ಹೇಳಿಬಿಡಿ, ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹದಿನಾರು ವರ್ಷ ಆಯ್ತು," ಎಂದರು. "ಆಮೇಲೆ ಬಂದವರಿಗೆಲ್ಲ ಬೇರೆ ಥರ ಕಲಿಸ್ದೆ. ಹಳಬರಿಗೆ ಹೇಳೋಕೆ... ನಾಚಿಕೆ ಆಯ್ತು ಲೋ."

ಲೋ ಬೋರ್ಡನ್ನು ಕೆಳಗಿಟ್ಟ. ಅವನಿಗೆ ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಪ್ರತಿ ಹೊಸವರ್ಷಕ್ಕೆ ನಿಮಗೆ ಕಿತ್ತಳೆ ಹಣ್ಣು ಕೊಡೋಕೆ ಬರ್ತಿದ್ನಲ್ಲ ಮೇಡಂ," ಎಂದ. "ಆವಾಗಾದ್ರೂ ಹೇಳಬಹುದಿತ್ತು."