ಸೊರ್ನೆಟ್ ಬಂದ ಹೊತ್ತು

ಅಡುಗೆಮನೆಯ ಹಲಗೆಯ ಮೇಲೆ ನಲವತ್ತಾರು ವರ್ಷದಿಂದ ಕೂತಿದ್ದ ಬಿಸ್ಕತ್ತಿನ ಡಬ್ಬಿ ಅಲ್ಲಿರಲಿಲ್ಲ. ಅದಿದ್ದ ಕಡೆ ದೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು. ಆನ್ಸೆಲ್ಮಜ್ಜ ಆ ಚೌಕದ ಮೇಲೆ ಅಂಗೈ ಊರಿಕೊಂಡು ನಿಂತಿದ್ದ. ಕ್ಷೌರಿಕ ಬಾಜಿಲ್ ಎಷ್ಟು ಕರೆದರೂ ತಿರುಗಲಿಲ್ಲ. ಕೊನೆಗೆ ಬಾಜಿಲ್, ಇಂಥ ಹೊತ್ತಿನಲ್ಲಿ ಮೊಂಬ್ರಾಕ್‌ನ ಯಾರಾದರೂ ಮಾಡುವಂತೆ, ಸಿದೋನಿ ಟೀಚರ ಮನೆಗೆ ಓಡಿದ.

ಸಿದೋನಿ ಲಬಾರ್ದ್ ಮೂವತ್ತು ವರ್ಷ ಊರಿನ ಶಾಲೆಯಲ್ಲಿ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೂ ಕೋಳಿ ಕಳುವಾದರೆ, ಉಯಿಲು ಕಾಣೆಯಾದರೆ ಜನ ಮೊದಲು ಬರುತ್ತಿದ್ದುದು ಅವರ ಬಳಿಗೆ, ಆಮೇಲೆ ಪೊಲೀಸರ ಬಳಿಗೆ. ಅವರು ಹೊರಟರೆಂದರೆ ಬಾಜಿಲ್ ಅಂಗಡಿಗೆ ಬೀಗ ಹಾಕಿ ಹಿಂದೆಯೇ ಹೊರಡುತ್ತಿದ್ದ.

ಡಬ್ಬಿಯಲ್ಲಿದ್ದುದು ಅಜ್ಜನ ನೋಟುಬುಕ್ಕುಗಳು. ಸೊರ್ನೆಟ್ ನದಿ ಹುಟ್ಟುವುದು ಪೂರ್ವದ ಕರಿಗಲ್ಲಿನ ಗುಡ್ಡಗಳಲ್ಲಿ. ಮೊಂಬ್ರಾಕ್ ಸಮೀಪಿಸುವಾಗ ನೆಲ ಸುಣ್ಣಕಲ್ಲಿನದಾಗಿ, ನದಿಯ ತಳದಲ್ಲೇ ಗುಂಡಿಗಳು ಬಾಯಿ ತೆರೆದುಕೊಂಡಿರುತ್ತವೆ. ಜೂನ್‌ನಲ್ಲಿ ಹರಿವು ಸೊರಗಿದರೆ ಗುಂಡಿಗಳೇ ಪೂರ್ತಿ ಕುಡಿದುಬಿಡುತ್ತವೆ. ಊರಿನ ಸೇತುವೆಯಡಿ ಬರೀ ಉರುಟುಗಲ್ಲು. ಶರತ್ಕಾಲದ ಮಳೆ ಸಾಕಷ್ಟು ಸುರಿದ ಮೇಲೆ ಒಂದು ದಿನ ನೀರು ಮತ್ತೆ ಬರುತ್ತದೆ. ಹಳೆಯ ಗಿರಣಿಯವನಾದ ಆನ್ಸೆಲ್ಮಜ್ಜ ಪ್ರತಿ ವರ್ಷ ಎರಡು ಜಾಗಗಳಿಗೆ ನೀರು ಬಂದ ದಿನ, ಹೊತ್ತು ಬರೆದಿಡುತ್ತಿದ್ದ: ಮೂರು ಕಿಲೋಮೀಟರು ಮೇಲೆ, ಗಾಡಿಗಳು ನದಿ ದಾಟುವ ಕಲ್ಲುಹಾಸಿನಲ್ಲಿ ಒಂದು, ಊರಿನ ಸೇತುವೆಯಲ್ಲಿ ಇನ್ನೊಂದು. ನಾಲ್ಕು ವರ್ಷದ ಹಿಂದೆ ಕಾಲು ಸೋತ ಮೇಲೆ ಕಲ್ಲುಹಾಸಿನ ಕೆಲಸವನ್ನು ಗೆಳೆಯ ಒನೊರೆಗೆ ಒಪ್ಪಿಸಿದ್ದ.

ಮರುದಿನ ಹತ್ತು ಗಂಟೆಗೆ ಸರ್ಕಾರದವರು ವಿಚಾರಣೆಗೆ ಬರುವವರಿದ್ದರು. ನದಿಯ ತಳದಲ್ಲಿ ಜಲ್ಲಿ ತೆಗೆಯಲು ಒಂದು ಕಂಪನಿ ಅರ್ಜಿ ಹಾಕಿತ್ತು. ಸೊರ್ನೆಟ್ ಸತ್ತ ನದಿ, ಮಳೆ ಬಂದಾಗ ಹರಿಯುವ ಚರಂಡಿ, ಅಷ್ಟೆ, ಎಂಬುದು ಅವರ ವಾದ. ಅಲ್ಲವೆನ್ನಲು ಊರಿಗಿದ್ದ ಪುರಾವೆ ಆ ಡಬ್ಬಿಯೊಂದೇ.

ಡಬ್ಬಿ ಕಾಣೆಯಾದ ದಿನ ಮಧ್ಯಾಹ್ನ ಒಂದು ಗಂಟೆಗೆ ನದಿ ಸೇತುವೆ ಮುಟ್ಟಿತ್ತು. ಅದನ್ನು ನೋಡಲು ಹನ್ನೆರಡಕ್ಕೇ ಊರೆಲ್ಲ ಅಲ್ಲಿ ಸೇರಿತ್ತು, ಅಜ್ಜನೂ ಹೋಗಿದ್ದ. ಎರಡಕ್ಕೆ ಮರಳಿದರೆ ಡಬ್ಬಿ ಇಲ್ಲ. ಬಾಗಿಲು ಒಡೆದಿರಲಿಲ್ಲ. ಹೂಕುಂಡದಡಿಯ ಬೀಗದ ಕೈ ಅಲ್ಲೇ ಇತ್ತು. ಅದರ ಗುಟ್ಟು ಗೊತ್ತಿದ್ದುದು ಮೊಮ್ಮಗಳು, ಅವಳ ಗಂಡ ಲೂಸ್ಯಾಂ ಮತ್ತು ಒನೊರೆಗೆ. ಮೊಮ್ಮಗಳು ಸೇತುವೆಯ ಮೇಲೆ ಅಜ್ಜನ ಪಕ್ಕದಲ್ಲೇ ಇದ್ದಳು. ಲೂಸ್ಯಾಂ ಆ ಕಂಪನಿಯ ಲಾರಿ ಚಾಲಕ. ಹನ್ನೆರಡೂವರೆಗೆ ಅವನು ಅಜ್ಜನ ಬಾಗಿಲಲ್ಲಿ ನಿಂತಿದ್ದನ್ನು ಬ್ರೆಡ್ ಅಂಗಡಿಯಾಕೆ ಕಂಡಿದ್ದಳು. ಅಣಬೆ ಕೊಡಲು ಬಂದಿದ್ದೆ, ಯಾರೂ ಇರಲಿಲ್ಲ, ಕಿಟಕಿಯ ಮೇಲಿಟ್ಟು ಹೋದೆ ಎಂದ ಲೂಸ್ಯಾಂ. ಅಣಬೆಯ ಬುಟ್ಟಿ ಕಿಟಕಿಯ ಮೇಲಿತ್ತು ನಿಜ, ಆದರೆ ಯಾರೂ ನಂಬಲಿಲ್ಲ. ಬಾಜಿಲ್ ಕೂಡ ನಂಬಲಿಲ್ಲ.

"ಟೀಚರ್, ಇದರಲ್ಲಿ ಪತ್ತೆ ಮಾಡೋಕೆ ಏನಿದೆ? ಅವನಿಗೆ ಸಂಬಳ ಕೊಡೋರು ಯಾರು ಹೇಳಿ."

"ಕಳ್ಳತನಕ್ಕೆ ಬಂದೋನು ಅಣಬೆ ಆರಿಸಿ, ಮಣ್ಣು ಒರೆಸಿ, ಎಲೆ ಹಾಸಿ ತರ್ತಾನೇನೋ? ಸುಮ್ನೆ ಬಾ," ಎಂದರು ಸಿದೋನಿ.

ಮೊದಲು ಒನೊರೆಯ ಮನೆಗೆ ಹೋದರು. ಮಂಡಿಗೆ ಬಟ್ಟೆ ಸುತ್ತಿಕೊಂಡು ಅವನು ಮೊಲಗಳಿಗೆ ಸೊಪ್ಪು ಹಾಕುತ್ತಿದ್ದ. ಬೆಳಿಗ್ಗೆಯೇ ಕಲ್ಲುಹಾಸಿಗೆ ಹೋಗಿದ್ದೆನೆಂದೂ, ಹನ್ನೊಂದಕ್ಕೆ ನೀರು ಬಂತೆಂದೂ, ಅದರ ಜೊತೆಜೊತೆಗೇ ದಂಡೆಯಲ್ಲಿ ನಡೆದು ಬಂದೆನೆಂದೂ ಹೇಳಿದ. ನೀರು ಮುಟ್ಟಿದ ಮೇಲೆ ಅವನು ಸೇತುವೆಯ ಬಳಿ ಕಾಣಿಸಿಕೊಂಡಿದ್ದನ್ನು ಬಾಜಿಲನೇ ನೋಡಿದ್ದ. ಸಿದೋನಿ ಮೊಲಗಳ ಮೈಸವರಿ ಎದ್ದರು.

ಅಲ್ಲಿಂದ ದಂಡೆ ಹಿಡಿದು ಮೇಲಕ್ಕೆ ನಡೆದರು. ದಾರಿಯುದ್ದಕ್ಕೂ ಸಿದೋನಿ ನದಿಯ ಗುಂಡಿಗಳನ್ನು ಎಣಿಸಿದರು, ಏಳು. ತುಂಬಿದ ಗುಂಡಿಗಳ ಮೇಲೆ ಒಣಎಲೆಗಳು ಇನ್ನೂ ಗರಗರ ತಿರುಗುತ್ತಿದ್ದವು. ಕಲ್ಲುಹಾಸಿನ ಬಳಿ ಆಡು ಸಾಕುವ ಲೆಯೊಂತಿನ್ ಸಿಕ್ಕಳು. ಎಂಟು ಗಂಟೆಗೆ ಹಾಲಿನ ಲಾರಿ ಬಂದಾಗಲೇ ಕಲ್ಲಿನ ಮೇಲೆ ನೀರಾಡಿತ್ತಂತೆ. ಚಾಲಕ ಇಳಿದು ನೋಡಿ, ಹೆದರಿ ಹೆದರಿ ದಾಟಿಸಿದನಂತೆ. ನಾಳೆಯ ವಿಚಾರಣೆಗೆ ಅವನನ್ನೂ ಕರೆದಿದ್ದಾರೆ. ಲಾರಿ ದಾಟಬೇಕಲ್ಲ, ಪ್ರತಿ ವರ್ಷ ಕಲ್ಲುಹಾಸಿಗೆ ನೀರು ಬಂದ ದಿನವನ್ನು ಹಾಲಿನ ಡೈರಿಯವರೂ ಬರೆದಿಡುತ್ತಾರೆ, ವಾರದ ಹಿಂದೆಯೇ ಒನೊರೆಗೆ ಇದನ್ನೆಲ್ಲ ಹೇಳಿದ್ದೆ ಎಂದಳು.

ಸಿದೋನಿ ಅಲ್ಲೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಅವರ ಮುಖ ಬಾಡಿದ್ದನ್ನು ಕಂಡು ಬಾಜಿಲನಿಗೆ ಕಸಿವಿಸಿಯಾಯಿತು. ಕಳ್ಳ ಸಿಕ್ಕಾಗ ಅವರು ಹೀಗೆ ಕೂತದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

ಐದು ಗಂಟೆಗೆ ಎಲ್ಲರೂ ಅಜ್ಜನ ಅಡುಗೆಮನೆಯಲ್ಲಿ ಸೇರಿದರು. ಮೊಮ್ಮಗಳು ಅಳುತ್ತಿದ್ದಳು. ಲೂಸ್ಯಾಂ ಟೋಪಿ ಹಿಂಡುತ್ತ ಬಾಗಿಲ ಬಳಿ ನಿಂತಿದ್ದ. ಒನೊರೆ ಒಲೆಯ ಪಕ್ಕ ಕೂತಿದ್ದ.

ಸಿದೋನಿ ತರಗತಿಯಲ್ಲಿ ಪಾಠ ಹೇಳುವಂತೆ ನಿಧಾನವಾಗಿ ಶುರು ಮಾಡಿದರು. ಮೊದಲ ನೀರು ಸೀದಾ ಓಡಿ ಬರುವುದಿಲ್ಲ. ಎದುರಾದ ಪ್ರತಿ ಗುಂಡಿಯನ್ನೂ ತುಂಬಿಸಿ ಮುಂದಕ್ಕೆ ಹೆಜ್ಜೆಯಿಡಬೇಕು. ಇವತ್ತು ಕಲ್ಲುಹಾಸು ಬಿಟ್ಟಿದ್ದು ಎಂಟರೊಳಗೆ, ಸೇತುವೆ ಮುಟ್ಟಿದ್ದು ಒಂದಕ್ಕೆ. ಮೂರು ಕಿಲೋಮೀಟರಿಗೆ ಕಡಿಮೆಯೆಂದರೂ ಐದು ಗಂಟೆ. ಹನ್ನೊಂದಕ್ಕೆ ಅಲ್ಲಿ ನೀರು ಬರುವುದನ್ನು ಕಂಡೆ ಎನ್ನುವವನು ಅಲ್ಲಿಗೆ ಹೋಗಿರಲೇ ಇಲ್ಲ.

"ತಪ್ಪು ನೆನಪಿರಬಹುದು ಅಂತಲೂ ಯೋಚಿಸಿದೆ," ಎಂದರು ಅವರು. "ಆದರೆ ನೀರಿನ ಜೊತೆ ಒಂದು ಸಲ ನಡೆದೋನಿಗೂ ಅದರ ನಡಿಗೆ ಗೊತ್ತಿರುತ್ತೆ. ಎರಡು ಗಂಟೇಲಿ ಬಂತು ಅಂತ ಅವನು ಹೇಳಲ್ಲ. ಒನೊರೆ, ನೀನು ಎಷ್ಟು ವರ್ಷದಿಂದ ಕಲ್ಲುಹಾಸಿಗೆ ಹೋಗಿಲ್ಲ?"

ಒನೊರೆ ಬೂಟಿನ ತುದಿ ನೋಡುತ್ತಲೇ ಹೇಳಿದ.

"ನಾಲ್ಕೂ ವರ್ಷ. ಮಂಡಿ ಆಗಲಿಲ್ಲ ಕಣೋ ಆನ್ಸೆಲ್ಮ್. ನಿನಗೆ ಬೇಜಾರಾಗುತ್ತೆ ಅಂತ ಮನೇಲಿ ಕೂತೇ ಏನೋ ಒಂದು ದಿನ ಹೇಳ್ತಿದ್ದೆ. ನಾಳೆ ಡೈರಿಯೋರ ಲೆಕ್ಕದ ಪಕ್ಕ ನಿನ್ನ ಪುಸ್ತಕ ಇಟ್ಟು, ಊರ ಮುಂದೆ ನಿನ್ನನ್ನ ಸುಳ್ಳ ಅಂದುಬಿಟ್ರೆ? ಅದಕ್ಕೇ ಎತ್ಕೊಂಡೆ. ಮೊಲದ ಗೂಡಲ್ಲಿ, ಹುಲ್ಲಿನ ಕೆಳಗಿದೆ."

"ಈ ಹುಡುಗನ ಮೇಲೆ ಅನುಮಾನ ಬಂದಾಗ?" ಎಂದರು ಸಿದೋನಿ.

"ಹೇಳೋಣ ಅಂತ ಬಾಯಿ ತೆರೀತಿದ್ದೆ, ನಾಚಿಕೆ ಆಗೋದು." ಒನೊರೆ ಲೂಸ್ಯಾಂನ ಕಡೆ ತಿರುಗಿದ. "ದೊಡ್ಡ ತಪ್ಪಾಯ್ತಪ್ಪ."

ಲೂಸ್ಯಾಂ ಟೋಪಿ ಹಾಕಿಕೊಂಡ. ಹೋಗಿ ಗೂಡಿನಿಂದ ಡಬ್ಬಿ ತಂದು ಮೇಜಿನ ಮೇಲಿಟ್ಟ. ಬಾಜಿಲ್ ತಲೆ ತಗ್ಗಿಸಿದ. ಆ ಮಧ್ಯಾಹ್ನವಷ್ಟೇ, ಅಂಗಡಿಗೆ ಬೀಗ ಹಾಕುವ ಮುಂಚೆ, ಕ್ಷೌರಕ್ಕೆ ಬಂದಿದ್ದ ಲೂಸ್ಯಾಂನನ್ನು ಅವನು ಎಲ್ಲರೆದುರು ಆಚೆ ಕಳಿಸಿದ್ದ.

ಅಜ್ಜ ಕನ್ನಡಕ ಹಾಕಿಕೊಂಡು ಕೊನೆಯ ಪುಸ್ತಕ ತೆರೆದ. ನಾಲ್ಕು ವರ್ಷದ ಕಲ್ಲುಹಾಸಿನ ದಿನಗಳ ಮೇಲೆ ಒಂದೊಂದೇ ಗೆರೆ ಎಳೆದು, ಪಕ್ಕದಲ್ಲಿ "ನೋಡಿಲ್ಲ" ಎಂದು ಬರೆದ. ಅಕ್ಷರ ನೆಟ್ಟಗಿತ್ತು.

"ಕತ್ತೆ," ಎಂದ ಒನೊರೆಗೆ. "ಮಂಡಿ ನೋವು ಅಂದಿದ್ರೆ ನಿನ್ನನ್ನ ಹೊತ್ಕೊಂಡು ಹೋಗ್ತಿರಲಿಲ್ವಾ?"

"ನಿನಗೆ ಎಂಬತ್ತೊಂದು ಕಣೋ."

"ಆಗ ಎಪ್ಪತ್ತೇಳು."

ಮೊಮ್ಮಗಳು ಅಳುವಿನ ನಡುವೆಯೇ ನಕ್ಕಳು.

ಮರುದಿನ ಕಂಪನಿಯ ವಕೀಲರು ಆ ಗೆರೆಗಳನ್ನೇ ಹಿಡಿದು ಆಡಿಕೊಂಡರು. ಇದು ತಪ್ಪಿದ್ದರೆ ಉಳಿದದ್ದನ್ನು ನಂಬುವುದು ಹೇಗೆ ಎಂದು ಕೇಳಿದರು. ಹಳೆಯ ಪುಟಗಳನ್ನು ಡೈರಿಯ ಪುಸ್ತಕದೊಂದಿಗೆ ತಾಳೆ ನೋಡಿ ಅಂದ ಅಜ್ಜ. ನೋಡಿದರು. ಒಂದು ದಿನವೂ ವ್ಯತ್ಯಾಸವಿರಲಿಲ್ಲ. ಅರ್ಜಿ ತಿರಸ್ಕೃತವಾದ ಕಾಗದ ಕ್ರಿಸ್‌ಮಸ್ಸಿಗೆ ಮುಂಚೆ ಬಂತು.

ಬಾಜಿಲ್ ಲೂಸ್ಯಾಂನ ಮನೆಗೇ ಕತ್ತಿ, ಸೋಪು ಹೊತ್ತು ಹೋಗಿ ಕ್ಷೌರ ಮಾಡಿ ಬಂದ. ಕ್ಷಮೆ ಕೇಳುವ ಮಾತು ಕೆನ್ನೆಯ ನೊರೆ ಒರೆಸಿದ ಮೇಲೂ ಹೊರಡಲಿಲ್ಲ. ಲೂಸ್ಯಾಂ ತಾನೇ ಅವನ ಭುಜ ತಟ್ಟಿದ. ಜೂನ್‌ನಲ್ಲಿ ನದಿ ಹಿಂದೆ ಸರಿದು, ಮಡುಗಳಲ್ಲಿ ಮೀನು ಸಿಕ್ಕಿಕೊಂಡ ವಾರ, ಅವನ ಲಾರಿ ಮೊಂಬ್ರಾಕ್‌ನ ಬೀದಿಯಲ್ಲಿ ನಿಧಾನವಾಗಿ ಸಾಗಿತು. ಹಿಂದೆ ನೀರು ತುಂಬಿದ ಬಕೆಟ್ಟುಗಳು, ಅವುಗಳಲ್ಲಿ ಮೇಲೆ ನೀರು ಬತ್ತದ ಕಡೆಗೆ ಹೊರಟ ಮೀನುಗಳು. ಮುಂದಿನ ಸೀಟಿನಲ್ಲಿ ಮಂಡಿ ಚಾಚಿಕೊಂಡ ಒನೊರೆ, ರಸ್ತೆಯಲ್ಲಿ ಹಳ್ಳ ಬಂದಾಗಲೆಲ್ಲ ಮೆಲ್ಲಗೆ ಓಡಿಸೋ ಎಂದು ಲೂಸ್ಯಾಂನನ್ನು ಗದರುತ್ತಿದ್ದ.